ಐದು ಗುಂಡಿನ ಪರೀಕ್ಷೆ

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಬಡಾವಣೆಯ ಶಾಲೆಯಲ್ಲಿ ಮತ ಹಾಕಲು ಸಾಲಿನಲ್ಲಿ ನಿಂತಿದ್ದೆವು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಪೊಲೀಸರ ತೊಡೆಯ ಮೇಲೆ ಉದ್ದನೆಯ ಮರದ ಬಂದೂಕು. ಮಗಳು ನನ್ನ ಕಿವಿಯಲ್ಲಿ ಕೇಳಿದಳು: "ಅಪ್ಪಾ, ಅದು ಖರೇನ ಹೊಡೀತದೇನು, ಇಲ್ಲಾ ಬರೇ ತೋರ್ಸಾಕ?"

ನಾನು ನಕ್ಕುಬಿಟ್ಟೆ. ಆದರೆ ಅದೇ ಪ್ರಶ್ನೆಯನ್ನು ನಾನು 1987ರಲ್ಲಿ ಧಾರವಾಡದಲ್ಲಿ, ಎನ್‌ಸಿಸಿ ಶಿಬಿರದ ಮಣ್ಣಿನಲ್ಲಿ ಮಕಾಡೆ ಮಲಗಿ ಕೇಳಿದ್ದೆ.

ಥ್ರೀ ನಾಟ್ ಥ್ರೀ ಅಂತ ಎಲ್ಲರೂ ಕರೆಯುವ ಆ ಬಂದೂಕಿನ ಹೆಸರು ಲೀ-ಎನ್‌ಫೀಲ್ಡ್. ನಳಿಗೆಯ ಒಳವ್ಯಾಸ 0.303 ಇಂಚು, ಅದಕ್ಕೇ ಆ ಹೆಸರು. ನನ್ನ ಕೈಗೆ ಬಂದದ್ದರ ಮೇಲೆ ಕಿರೀಟದ ಮುದ್ರೆ, ಕೆಳಗೆ 1943. ಕೋಲ್ಕತ್ತಾ ಬಳಿಯ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಸೇನೆ ಬಳಸಿ ಬಿಟ್ಟದ್ದು ಪೊಲೀಸರಿಗೆ, ಎನ್‌ಸಿಸಿಗೆ ಇಳಿದು ಬರುತ್ತಿದ್ದ ಕಾಲ ಅದು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ.

ನೂರು ಗಜ ದೂರದ ಗುರಿ, ತಲಾ ಐದು ಗುಂಡು. ನನ್ನ ಐದೂ ಗುಂಡು ಕಪ್ಪು ವೃತ್ತದ ಹೊರಗೆ, ಎಡಕ್ಕೆ, ಕೆಳಗೆ ಬಿದ್ದಿದ್ದವು. ಪಕ್ಕದವನ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ, ಆದರೆ ಎರಡು ಕಪ್ಪಿನೊಳಗೆ. ಎಲ್ಲರೂ ಅವನ ಬೆನ್ನು ತಟ್ಟಿದರು. ನನಗೆ ಅಳು ಬರುವುದೊಂದು ಬಾಕಿ.

ಉಸ್ತಾದರು, ಪಂಜಾಬಿನ ಹವಾಲ್ದಾರರು, ನನ್ನ ಕಾಗದದ ಹತ್ತಿರ ಬಂದು ಐದೂ ತೂತುಗಳ ಮೇಲೆ ಒಂದೇ ಅಂಗೈ ಇಟ್ಟರು. ಐದೂ ಮುಚ್ಚಿಹೋದವು. ಮಾತಿಲ್ಲದೆ ನನ್ನ ಬಂದೂಕನ್ನೇ ತೆಗೆದುಕೊಂಡು ಮಲಗಿ ತಾವೂ ಐದು ಗುಂಡು ಹಾರಿಸಿದರು. ಅವರದೂ ಅಲ್ಲಿಯೇ, ಎಡಕ್ಕೆ, ಕೆಳಗೆ.

ಆಮೇಲೆ ಅವರು ಹೇಳಿದ್ದನ್ನು ಇಂದಿಗೂ ಮರೆತಿಲ್ಲ. ಗುಂಡುಗಳು ಒಂದೆಡೆ ಗುಂಪಾಗಿ ಬೀಳುವುದು ಬೇರೆ, ಗುರಿಯ ಮೇಲೆ ಬೀಳುವುದು ಬೇರೆ. ಒಂದೇ ಬಂದೂಕಿನಿಂದ ಇಬ್ಬರು ಹೊಡೆದು ಗುಂಪು ಒಂದೇ ಕಡೆ ಬಿದ್ದರೆ ದೋಷ ಬಂದೂಕಿನ ಕಣ್ಣಿನದು. ಅದನ್ನು ಸರಿಪಡಿಸಬಹುದು. ಗುಂಡು ಚದುರಿದರೆ ಕೈ ನಡುಗಿರಬೇಕು, ಇಲ್ಲವೇ ನಳಿಗೆ ಸವೆದಿರಬೇಕು. ಅದಕ್ಕೆ ಮದ್ದು ಸುಲಭವಲ್ಲ.

ಮರುದಿನ ಆರ್ಮರರ್ ಬಂದು ನಳಿಗೆಯ ತುದಿಯಲ್ಲಿದ್ದ ಮುಂಗಣ್ಣನ್ನು ಎಡಕ್ಕೆ ಸರಿಸಿದ. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮುಂಗಣ್ಣನ್ನು ಬಲಕ್ಕೆ ಸರಿಸಬೇಕು ಅಂದುಕೊಂಡಿದ್ದೆ. ಹಾಗಲ್ಲ, ತಪ್ಪು ಯಾವ ಕಡೆಗೋ ಮುಂಗಣ್ಣೂ ಆ ಕಡೆಗೇ. ಗುಂಡು ಕೆಳಗೆ ಬೀಳುತ್ತಿದ್ದದ್ದರಿಂದ ಅದನ್ನು ಸ್ವಲ್ಪ ಗಿಡ್ಡದ್ದಕ್ಕೆ ಬದಲಿಸಿದ. ಮುಂದಿನ ಸರದಿಯಲ್ಲಿ ನನ್ನ ನಾಲ್ಕು ಗುಂಡು ಕಪ್ಪಿನೊಳಗೆ ಬಿದ್ದವು.

ಇದು ಹೊಸ ವಿದ್ಯೆಯಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಈ ಬಂದೂಕನ್ನು ಚೌಕಟ್ಟಿಗೆ ಬಿಗಿದು 100 ಅಡಿ ದೂರಕ್ಕೆ ಐದು ಗುಂಡು ಹಾರಿಸುತ್ತಿದ್ದರು. ಐದರಲ್ಲಿ ನಾಲ್ಕು, ಒಂದು ಇಂಚು ಅಗಲ ಒಂದೂವರೆ ಇಂಚು ಎತ್ತರದ ಆಯತದೊಳಗೆ ಬೀಳಬೇಕು. ಚೌಕಟ್ಟಿಗೆ ಬಿಗಿಯುವುದೇಕೆಂದರೆ ಮನುಷ್ಯನ ಕೈಯ ತಪ್ಪು ಬಂದೂಕಿನ ಲೆಕ್ಕಕ್ಕೆ ಸೇರಬಾರದು.

ಹಳೆಯ ಬಂದೂಕಿನ ಗುರಿ ಕೆಡುವುದಕ್ಕೆ ಕಾರಣ ಹಲವು. ಲೀ-ಎನ್‌ಫೀಲ್ಡಿನ ನಳಿಗೆಯನ್ನು ತುದಿಯವರೆಗೂ ಮರ ಸುತ್ತಿಕೊಂಡಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದರೆ ನಳಿಗೆಯ ಮೇಲಿನ ಒತ್ತಡ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಳೆಯ ತೋಟಾಗಳು ನಳಿಗೆಯಲ್ಲಿ ಉಪ್ಪು ಬಿಟ್ಟುಹೋಗುತ್ತಿದ್ದವು, ಕುದಿಯುವ ನೀರು ಹೊಯ್ದು ತೊಳೆಯದಿದ್ದರೆ ತುಕ್ಕು ಖಂಡಿತ. ಇನ್ನು ತೊಳೆಯುವ ಶಿಸ್ತೇ ಬಂದೂಕನ್ನು ಕೊಲ್ಲುವುದೂ ಉಂಟು. ಚಿಂದಿ ಕಟ್ಟಿದ ಹಗ್ಗವನ್ನು ದಿನವೂ ಓರೆಯಾಗಿ ಎಳೆದರೆ ನಳಿಗೆಯ ಬಾಯಿ ಸವೆಯುತ್ತದೆ, ನಮ್ಮೂರ ಬಾವಿಯ ಕಲ್ಲು ಹಗ್ಗಕ್ಕೆ ಸವೆದಂತೆ. ತೋಟಾದ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟು ನೋಡುತ್ತಿದ್ದರು. ತೀರಾ ಒಳಗೆ ಹೋದರೆ ಬಾಯಿ ಸವೆದಿದೆ ಎಂದು ಅರ್ಥ.

ಇವೆಲ್ಲ ಕಾಲ ಮಾಡಿದ ಕೆಡುಕು. ಬಹಳ ವರ್ಷಗಳ ನಂತರ ಪುಣೆಗೆ ಬಂದು ನೌಕರಿ ಹಿಡಿದ ಮೇಲೆ, ಸೇನೆಯ ಇತಿಹಾಸ ಓದುವ ಹುಚ್ಚು ಹತ್ತಿದಾಗ, ಬೇಕೆಂದೇ ಮಾಡಿದ ಕೆಡುಕೂ ಇತ್ತೆಂದು ತಿಳಿಯಿತು.

1857ರ ದಂಗೆಗೆ ಕಿಡಿಯಾದದ್ದು ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾ ಎಂದು ಶಾಲೆಯಲ್ಲಿ ಓದಿದ್ದೇವೆ. ಆ 1853ರ ಮಾದರಿಯ ಬಂದೂಕಿನ ಹಿರಿಮೆ ನಳಿಗೆಯೊಳಗಿನ ಸುರುಳಿ ಗೀರುಗಳಲ್ಲಿತ್ತು. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ದೂರದವರೆಗೆ ನೇರವಾಗಿ ಒಯ್ಯುತ್ತಿದ್ದವು. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ಅದೇ ರೂಪದ ಬಂದೂಕು ಬಂತು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಒಳಗೆ ಮಾತ್ರ ಗೀರುಗಳಿಲ್ಲ, ನುಣುಪಾಗಿ ಕೊರೆದ ನಳಿಗೆ. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಹಿಂಗಣ್ಣಿನ ಜಾಗದಲ್ಲಿ ಒಂದು ಕದಲದ ತುಂಡು. ನೂರು ಗಜ ದಾಟಿದರೆ ಆ ಗುಂಡು ಎಲ್ಲಿ ಹೋದೀತೋ ದೇವರಿಗೇ ಗೊತ್ತು.

ಮುಂದೆಯೂ ಇದೇ ಲೆಕ್ಕ. ಬಿಳಿಯ ಸೈನಿಕನಿಗೆ ಮಾರ್ಟಿನಿ-ಹೆನ್ರಿ ಬಂದಾಗ ಭಾರತೀಯನಿಗೆ ಸ್ನೈಡರ್, ಅವನಿಗೆ ಲೀ-ಮೆಟ್‌ಫೋರ್ಡ್ ಬಂದಾಗ ಇವನಿಗೆ ಮಾರ್ಟಿನಿ. 1914ರಲ್ಲಿ ಯುದ್ಧಕ್ಕೆಂದು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದ ನಮ್ಮ ಸಿಪಾಯಿಗಳ ಬಂದೂಕು ಅಲ್ಲಿನ ಹೊಸ ತೋಟಾಗಳಿಗೆ ಹೊಂದಲಿಲ್ಲ. ಅಲ್ಲಿಯೇ ಬದಲಿಸಿ ಕೊಟ್ಟು, ಕೈಗೆ ಒಗ್ಗುವ ಮೊದಲೇ ಅಕ್ಟೋಬರಿನಲ್ಲಿ ಕಂದಕಗಳಿಗೆ ಕಳಿಸಿದರು.

ಇಷಾಪುರದಲ್ಲೇ ಲೀ-ಎನ್‌ಫೀಲ್ಡನ್ನು 0.410 ಇಂಚಿಗೆ ನುಣುಪಾಗಿ ಕೊರೆದು, ಹತ್ತು ತೋಟಾ ಹಿಡಿಯುವ ಜಾಗವನ್ನು ಮುಚ್ಚಿ, ಒಮ್ಮೆಗೆ ಒಂದೇ ಗುಂಡು ಹಾರುವಂತೆ ಮಾಡಿ ಪೊಲೀಸರಿಗೆ, ಜೈಲಿನ ಕಾವಲಿಗೆ ಕೊಟ್ಟದ್ದೂ ಇದೆ.

ನಾನು ಮುಧೋಳದ ಕಡೆಯವನು. ಹಲಗಲಿಯ ಬೇಡರ ಲಾವಣಿ ಕೇಳುತ್ತ ಬೆಳೆದವನು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿಯವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಮುಂದಾಳುಗಳು ಗಲ್ಲಿಗೇರಿದರು. ನಾಲ್ಕೇ ವರ್ಷದಲ್ಲಿ, 1861ರಲ್ಲಿ, ನಿಷ್ಠೆಯ ಕಾರಣಕ್ಕೆ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಕೈಲ್‌ಪೊಳ್ದು ಹಬ್ಬಕ್ಕೆ ಇಂದಿಗೂ ಕೊಡಗಿನಲ್ಲಿ ಕೋವಿಗೆ ಹೂ ಮುಡಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಹಲಗಲಿಯಲ್ಲಿ ಉಳಿದದ್ದು ಹಾಡು. ಯಾರ ಕೈಯಲ್ಲಿ ಬಂದೂಕು ಇರಬೇಕು, ಇದ್ದರೆ ಅದು ಎಷ್ಟು ನೇರ ಹೊಡೆಯಬೇಕು ಎಂಬುದನ್ನು ಆಗ ಸರ್ಕಾರ ನಂಬಿಕೆಯ ತಕ್ಕಡಿಯಲ್ಲಿ ತೂಗುತ್ತಿತ್ತು.

ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ಉಸ್ತಾದರ ಅಂಗೈ. ಅವರು ನನ್ನದೇ ಬಂದೂಕಿನಿಂದ ಹೊಡೆದು ನೋಡದಿದ್ದರೆ, ನನಗೆ ಗುರಿ ಇಲ್ಲ ಎಂದು ನಾನೇ ನಂಬಿ ಮನೆಗೆ ಹೋಗುತ್ತಿದ್ದೆ. ನುಣುಪು ನಳಿಗೆಯ ಬಂದೂಕು ಹಿಡಿದು ಗುರಿ ತಪ್ಪಿದ ಎಷ್ಟು ಸಿಪಾಯಿಗಳು ತಮ್ಮ ಕಣ್ಣನ್ನೇ ಶಪಿಸಿಕೊಂಡರೋ. ಪರ ಊರಿನ ಕಚೇರಿಗಳಲ್ಲಿ ನಾವೂ ಎಷ್ಟೋ ಸಲ ಹಾಗೇ ಮಾಡಿಕೊಳ್ಳುತ್ತೇವೆ. ಕೈಗೆ ಕೊಟ್ಟ ಸಾಧನ ಸರಿ ಇತ್ತೇ ಎಂದು ಯಾರೂ ಹೊಡೆದು ನೋಡಿರುವುದಿಲ್ಲ, ತಪ್ಪು ಮಾತ್ರ ನಮ್ಮ ಹೆಸರಿಗೆ.

ಮತ ಹಾಕಿ ಹೊರಗೆ ಬಂದಾಗ ಆ ಪೊಲೀಸರು ಎದ್ದು ಬಂದೂಕನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದರು. ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

"ಹೊಡೀತದವಾ," ಅಂದೆ. "ಆದ್ರ ಹೌದೋ ಅಲ್ಲೋ ತಿಳೀಬೇಕಂದ್ರ ಅವರ ಕೈಯಾಗ ಐದು ಗುಂಡು ಕೊಟ್ಟು ನೋಡಬೇಕು. ಆಮ್ಯಾಲ ಅದೇ ಬಂದೂಕು ಇನ್ನೊಬ್ಬರ ಕೈಗೂ ಕೊಡಬೇಕು."