ಒಂದೇ ಒಂದು ನರಕೋಶದ ಸದ್ದು ಕೇಳಿದ ಕಥೆ

ಡಾಕ್ಟರ್ ಮಂಡಿಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗೇ ಚಿಮ್ಮುತ್ತಲ್ಲ? ಮೆದುಳಿನ ಅಪ್ಪಣೆಗೂ ಕಾಯದೆ ಬೆನ್ನುಹುರಿಯೇ ಕೊಡೋ ಉತ್ತರ ಅದು. 1875ರಲ್ಲಿ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು ಬೇರೆಬೇರೆಯಾಗಿ ಇದರ ಬಗ್ಗೆ ಬರೆದರು. ಆದರೆ ಕಾಲು ಎಷ್ಟು ಚಿಮ್ಮಿತು ಅನ್ನೋದು ಬರೀ ಕಣ್ಣಂದಾಜು.

ಅದನ್ನು ಅಳೆಯುವ ದಾರಿ ತೋರಿಸಿದ್ದು ಜರ್ಮನಿಯವರೇ ಆದ ಪಾಲ್ ಹಾಫ್‌ಮನ್. 1910ರಲ್ಲಿ ಅವರು ಮಂಡಿಯ ಹಿಂದಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟರು. ಸುಮಾರು 30 ಮಿಲಿಸೆಕೆಂಡ್ ಆದ ಮೇಲೆ ಮೀನಖಂಡದ ಸ್ನಾಯು ಮಿಡಿಯಿತು. ಸಂದೇಶ ಬೆನ್ನುಹುರಿಗೆ ಹೋಗಿ ವಾಪಸ್ ಬರಲು ಹಿಡಿದ ಸಮಯ ಅದು. ಅವರ ಹೆಸರಿನ ಮೊದಲಕ್ಷರದಿಂದ ಇದಕ್ಕೆ ಎಚ್-ರಿಫ್ಲೆಕ್ಸ್ ಅಂತ ಹೆಸರು ಬಂತು.

ಆದರೆ ಒಂದು ತೊಡಕಿತ್ತು. ಆ ಮಿಡಿತ ನೂರಾರು ನರಕೋಶಗಳದ್ದು. ಜಾತ್ರೆಯ ಗದ್ದಲ ಕೇಳಿಸುತ್ತೆ, ಒಬ್ಬೊಬ್ಬರ ದನಿ ಕೇಳಿಸಲ್ಲ. 1950ರ ದಶಕದ ಆರಂಭದಲ್ಲಿ ಜಾನ್ ಎಕಲ್ಸ್ ತಂಡ ಬೆಕ್ಕಿನ ಬೆನ್ನುಹುರಿಯ ಒಂದೊಂದು ನರಕೋಶದೊಳಗೇ ಗಾಜಿನ ಎಲೆಕ್ಟ್ರೋಡ್ ತೂರಿಸಿತು. ಬದುಕಿರೋ ಮನುಷ್ಯನಿಗೆ ಹಾಗೆ ಮಾಡೋಕಾಗುತ್ತಾ?

ಮಾಡಬೇಕಾಗಿಯೂ ಇರಲಿಲ್ಲ. ಯಾಕಂದ್ರೆ ಒಂದು ನರಕೋಶ ಒಮ್ಮೆ ಮಿಡಿದರೆ, ಅದು ನಡೆಸುವ ಸ್ನಾಯು ಎಳೆಗಳೂ ಒಮ್ಮೆ ಮಿಡಿಯುತ್ತವೆ. ಲೆಕ್ಕ ತಪ್ಪಲ್ಲ. 1929ರಲ್ಲೇ ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್, ಅಮೆರಿಕದ ಡೆಟ್ಲೆವ್ ಬ್ರಾಂಕ್ ಇಂಜೆಕ್ಷನ್ ಸೂಜಿಯೊಳಗೆ ತೆಳು ತಂತಿ ಇಟ್ಟು ಮನುಷ್ಯನ ಸ್ನಾಯುವಿಗೆ ಚುಚ್ಚಿದ್ದರು. ಲೌಡ್‌ಸ್ಪೀಕರ್‌ನಲ್ಲಿ ಟಕ್, ಟಕ್, ಟಕ್! ಬೆನ್ನುಹುರಿಯ ಒಂದೇ ನರಕೋಶದ ಸದ್ದು ಕಾಲಿನಲ್ಲೋ ಕೈಯಲ್ಲೋ ಕೇಳಿಸಿತು.

1976ರಲ್ಲಿ ಬ್ರಿಟನ್ನಿನ ಸ್ಟೀಫನ್ಸ್, ಅಷರ್‌ವುಡ್, ಗಾರ್ನೆಟ್ ಈ ಸದ್ದಿಗೆ ಲೆಕ್ಕ ಜೋಡಿಸಿದರು. ಸ್ನಾಯುವನ್ನು ಹಗುರವಾಗಿ ಬಿಗಿಹಿಡಿದರೆ ಒಂದು ನರಕೋಶ ಒಂದೇ ಲಯದಲ್ಲಿ ಮಿಡಿಯುತ್ತಿರುತ್ತೆ. ನಡುನಡುವೆ ನರಕ್ಕೆ ಸಣ್ಣ ಶಾಕ್ ಕೊಡ್ತಾ, ಪ್ರತಿ ಶಾಕ್ ನಂತರ ಅದು ಯಾವ ಕ್ಷಣ ಮಿಡಿಯಿತು ಅಂತ ನೂರಾರು ಸಲ ಎಣಿಸಬೇಕು. ಒಂದು ಸಲಕ್ಕೆ ಏನೂ ಗೊತ್ತಾಗಲ್ಲ. ಎಲ್ಲ ಸೇರಿಸಿದಾಗ ಒಂದೇ ಜಾಗದಲ್ಲಿ ಎಣಿಕೆ ದಿಬ್ಬದ ಹಾಗೆ ಏಳುತ್ತೆ. ದಿಬ್ಬ ಎತ್ತರ ಇದ್ದಷ್ಟೂ, ಆ ಸಂದೇಶಕ್ಕೆ ನರಕೋಶ ಮಿಡಿಯೋ ಸಾಧ್ಯತೆ ಹೆಚ್ಚು.

ಇದೆಲ್ಲ ಯಾಕೆ ಬೇಕು? ಪಾರ್ಶ್ವವಾಯು ಆದವರ ಕೈಕಾಲು ಎಷ್ಟೋ ಸಲ ಸೆಟೆದುಕೊಳ್ಳುತ್ತೆ. ತಪ್ಪು ಯಾರದ್ದು? ನರಕೋಶವೇ ಸುಲಭವಾಗಿ ಕೆರಳುತ್ತಿದೆಯಾ, ಅದಕ್ಕೆ ಬರೋ ಸಂದೇಶವೇ ಜಾಸ್ತಿಯಾಗಿದೆಯಾ, ಅಥವಾ ಸ್ನಾಯುವೇ ಗಟ್ಟಿಯಾಗಿದೆಯಾ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ. ಚಿಕಿತ್ಸೆ ಮಾತ್ರ ಒಂದೇ ಅಲ್ಲ. ಅದಕ್ಕೇ ಜಾತ್ರೆಯ ಗದ್ದಲ ಬಿಟ್ಟು ಒಂದು ದನಿಗೆ ಕಿವಿಗೊಡಬೇಕು.