ಆರು ನೇಗಿಲು ಮಾರಲು ಎರಡು ವರ್ಷ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ಹಳೇ ಲೇಥ್ ಮಷಿನ್ ಕೊಂಡೆ. ಕೊಂಡೆ ಅನ್ನೋದಕ್ಕಿಂತ ಗುಜರಿಯವರ ಟೆಂಪೋದಿಂದ ಇಳಿಸಿಕೊಂಡೆ ಅಂದರೆ ಸರಿ. ನಮ್ಮೂರು ರಾಯಬಾಗ ತಾಲೂಕಿನದು. ಅಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಕಾಕಾ ತೀರಿಕೊಂಡ ಮೇಲೆ ಶೆಡ್ಡಿಗೆ ಬೀಗ ಬಿದ್ದಿತ್ತು. ಮಕ್ಕಳು ಜಾಗ ಖಾಲಿ ಮಾಡಿ, ಮಷಿನನ್ನು ಕಿಲೋ ಲೆಕ್ಕದಲ್ಲಿ ಮಾರಿಬಿಟ್ಟಿದ್ದರು. ನಾನು ಅದೇ ಲೆಕ್ಕದ ಮೇಲೆ ಒಂದಿಷ್ಟು ಹೆಚ್ಚು ಕೊಟ್ಟೆ.

"ಬಿಇ ಓದಿ ಕಬ್ಬಿಣ ಆರಿಸಾಕ ಹತ್ತಿದಿ ಏನಪಾ?" ಅಂದರು ಅಪ್ಪ. ಮನೆಯ ಹಿಂದಿನ ದನದ ಕೊಟ್ಟಿಗೆ ಹೇಗೂ ಖಾಲಿ ಇತ್ತು. ಅಲ್ಲಿಗೇ ಮಷಿನ್ ಹೋಯಿತು.

ಮೂರು ಪದರ ಹಸಿರು ಬಣ್ಣ, ಅದರ ಮೇಲೆ ವರ್ಷಗಟ್ಟಲೆಯ ಗ್ರೀಸು. ಕೆರೆದಾಗ ಒಂದು ತಗಡಿನ ಪಟ್ಟಿ ಕಾಣಿಸಿತು: ಮೈಸೂರು ಕಿರ್ಲೋಸ್ಕರ್, ಹರಿಹರ. ಕಿರ್ಲೋಸ್ಕರ್ ಅಂದರೆ ನಮ್ಮ ಕಡೆ ಬಾವಿ ಮೇಲಿನ ಇಂಜಿನ್, ಅಷ್ಟೇ. ಅದಕ್ಕೂ ಹರಿಹರಕ್ಕೂ ಏನು ಸಂಬಂಧ? ನಾನು ಪುಣೆಗೆ ಕೆಲಸಕ್ಕೆ ಹೋಗಿಬರುವ ರೈಲು ಮಿರಜ್, ಸಾಂಗ್ಲಿ ದಾಟಿದ ಮೇಲೆ 'ಕಿರ್ಲೋಸ್ಕರವಾಡಿ' ಎಂಬ ಸ್ಟೇಷನ್ ಬರುತ್ತದೆ. ಎಷ್ಟೋ ಸಲ ಆ ಬೋರ್ಡು ನೋಡಿ ಮತ್ತೆ ಮೊಬೈಲ್ ನೋಡುತ್ತಾ ಕೂತಿದ್ದೇನೆ. ಈ ಸಲ ಓದಲು ಶುರು ಮಾಡಿದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಆದರೆ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಬಣ್ಣ ಬಿಟ್ಟು ಗೆರೆ ಹಿಡಿದರು. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಇತ್ತ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದರು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ರಾಮುಅಣ್ಣ ಇಲ್ಲಿ ಮಾರುವುದು. ಬಡ್ತಿ ತಪ್ಪಿದ ಮೇಲೆ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೇ ಬಂದರು.

ಸೈಕಲ್ ಅಂಗಡಿಯವರು ಮೊದಲು ಮಾಡಿದ ಯಂತ್ರ ಮೇವು ಕತ್ತರಿಸುವುದು. ಆಮೇಲೆ ಕಬ್ಬಿಣದ ನೇಗಿಲು. ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂಬುದು ಆಗಿನ ನಂಬಿಕೆ. ಮೊದಲ ಆರು ನೇಗಿಲು ಮಾರಲು ಎರಡು ವರ್ಷ ಹಿಡಿಯಿತಂತೆ. ನಮ್ಮ ಸ್ಟಾರ್ಟಪ್ ಗೆಳೆಯರು ಆರು ತಿಂಗಳಲ್ಲಿ ಗಿರಾಕಿ ಬರದಿದ್ದರೆ ದಿಕ್ಕು ಬದಲಿಸುತ್ತಾರೆ. ಇವರು ನೇಗಿಲನ್ನೇ ಮತ್ತೆ ಮತ್ತೆ ತಿದ್ದಿದರು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬೆಳಗಾವಿಯಲ್ಲಿ ಹೊಸ ಬಡಾವಣೆಗೆ ಜಾಗ ಬೇಕೆಂದು ನಗರಸಭೆ ಇವರ ಕಾರ್ಖಾನೆಯನ್ನು ಎಬ್ಬಿಸಿತು. ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕೈಹಿಡಿದರು. ಹತ್ತು ಸಾವಿರ ರೂಪಾಯಿ ಸಾಲ, ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಜಮೀನು. ಕಳ್ಳಿ ಬೆಳೆದ, ಹಾವು ತುಂಬಿದ ಬರಡು ಭೂಮಿ. 1910ರಲ್ಲಿ ಅಲ್ಲಿಗೆ ಹೋಗಿ ಕಾರ್ಖಾನೆಯ ಜೊತೆ ಊರನ್ನೂ ಕಟ್ಟಿದರು. ಆ ಊರಲ್ಲಿ ಅಸ್ಪೃಶ್ಯತೆ ನಡೆಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಸ್ಟೇಷನ್ನಿಗೂ ಮುಂದೆ ಅದೇ ಹೆಸರು ಬಂತು. 1941ರಲ್ಲಿ ಅದೇ ಮನೆತನ ತುಂಗಭದ್ರೆಯ ದಂಡೆಗೆ ಬಂದು ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಮಾಡಿತು. ಯುದ್ಧದ ಕಾಲ, ಹೊರದೇಶದ ಲೇಥ್ ಸಿಗುವುದು ಕಷ್ಟ. ಅಲ್ಲಿ ತಯಾರಾದ ಲೇಥ್‌ಗಳು ದೇಶದ ತುಂಬಾ ಹೋದವು. ಇವತ್ತು ಆ ಕಾರ್ಖಾನೆಯೇ ಇಲ್ಲ, ಮುಚ್ಚಿಹೋಯಿತು. ಅಂದರೆ ನನ್ನ ಕೊಟ್ಟಿಗೆಯಲ್ಲಿರುವ ಮಷಿನ್ನಿಗೆ ಕಂಪನಿಯ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

ಇದು ಗೊತ್ತಿದ್ದೂ ನಾನೊಂದು ಹುಚ್ಚು ಕೆಲಸಕ್ಕೆ ಕೈ ಹಾಕಿದೆ. ಬೆಡ್ ಮೇಲಿನ ತುಕ್ಕು ತೆಗೆಯಲು ಆಂಗಲ್ ಗ್ರೈಂಡರ್ ಹಿಡಿದು ಕೂತೆ. ಲೇಥ್ ಅಳತೆ ತಪ್ಪದೆ ನಡೆಯುವುದು ಆ ಬೆಡ್ಡಿನ ಹಳಿಗಳು ನೇರ ಇರುವುದರಿಂದ; ಅದನ್ನೇ ಉಜ್ಜಿಬಿಟ್ಟರೆ ಮಷಿನ್ ನಿಜವಾಗಿಯೂ ಗುಜರಿ. ಒಂದು ಗೇಣು ಉಜ್ಜುವಷ್ಟರಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದ ಪಕ್ಕದ ಓಣಿಯ ಮಾಮಾ ಓಡಿಬಂದರು. "ಏ, ನಿಲ್ಲಿಸೋ ಮಾರಾಯಾ! ಡೀಸೆಲ್ ಸುರದು ಎರಡು ದಿನ ಬಿಡು. ತುಕ್ಕು ತಾನ ಬಿಡತೈತಿ." ಬಿಟ್ಟಿತು. ನಾನು ಉಜ್ಜಿದ ಗೇಣು ಮಾತ್ರ ಇವತ್ತಿಗೂ ಬೇರೆಯಾಗಿ ಹೊಳೆಯುತ್ತದೆ. ನೋಡಿದಾಗೆಲ್ಲ ನಾಚಿಕೆ.

60 ಹಲ್ಲಿನ ಒಂದು ಗೇರು ಮುರಿದಿತ್ತು. ಅದಿಲ್ಲದೆ ಮಷಿನ್ ಥ್ರೆಡ್ ಕೊರೆಯುವುದಿಲ್ಲ. ಮಾಮಾ ಉದ್ಯಮಬಾಗದ ಒಂದು ಚಿಕ್ಕ ಶೆಡ್ಡಿಗೆ ಕರಕೊಂಡು ಹೋದರು. ಅಲ್ಲಿತ್ತು ಒಂದು ಹಳೇ ಎಚ್‌ಎಂಟಿ ಮಿಲ್ಲಿಂಗ್ ಮಷಿನ್. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಬೆಂಗಳೂರಲ್ಲಿ ಸ್ಥಾಪನೆಯಾದ ಎಚ್‌ಎಂಟಿ. ಲೇಥ್‌ನಲ್ಲಿ ಕೆಲಸದ ತುಂಡು ತಿರುಗುತ್ತದೆ, ಮಿಲ್ಲಿಂಗ್‌ನಲ್ಲಿ ಹಲ್ಲುಗಳಿರುವ ಕಟರ್ ತಿರುಗುತ್ತದೆ. ಅಮೆರಿಕದ ಜೋಸೆಫ್ ಬ್ರೌನ್ 1862ರಲ್ಲಿ ಯುನಿವರ್ಸಲ್ ಮಿಲ್ಲಿಂಗ್ ಮಷಿನ್ ಮಾಡಿದ್ದು ಡ್ರಿಲ್ ಬಿಟ್ಟಿನ ಸುರುಳಿ ಗಾಡಿ ಕೊರೆಯಲು. ನಮ್ಮ ಗೇರನ್ನು ಹುಟ್ಟಿಸಿದ್ದೂ ಅದೇ ವಂಶ.

ಗೇರು ಕತ್ತರಿಸುವ ಲೆಕ್ಕ ನೋಡಿ ನನಗೆ ಖುಷಿಯಾಯಿತು. ಡಿವೈಡಿಂಗ್ ಹೆಡ್ಡಿನ ಹಿಡಿಕೆ 40 ಸುತ್ತು ತಿರುಗಿದರೆ ಗೇರಿನ ತುಂಡು ಒಂದು ಸುತ್ತು. 60 ಹಲ್ಲಿಗೆ ಪ್ರತಿ ಸಲ 40/60, ಅಂದರೆ ಮೂರರಲ್ಲಿ ಎರಡು ಪಾಲು ಸುತ್ತು. 18 ತೂತಿನ ವರ್ತುಲದಲ್ಲಿ 12 ತೂತು ಮುಂದಕ್ಕೆ. ಆ ಶೆಡ್ಡಿನ ಅಜ್ಜ ಕಾಗದ ಮುಟ್ಟದೆ ಎಣಿಸಿದರು. ಅರವತ್ತು ಸಲ. ಒಂದು ಸಲ ತಪ್ಪಿದರೂ ತುಂಡು ವ್ಯರ್ಥ, ಅಂಡೂ ಬಟನ್ ಇಲ್ಲ.

ಬರುವಾಗ ಯೋಚಿಸಿದೆ. ಅಂದು ಬೆಳಗಾವಿ ಕಳಕೊಂಡಿದ್ದು ಒಂದು ಕಾರ್ಖಾನೆಯನ್ನು. ಹರಿಹರವೂ ಕಳಕೊಂಡಿತು. ಕಂಪನಿ ಮುಚ್ಚಬಹುದು, ಊರು ಗಡಿಯ ಆ ಕಡೆಗೂ ಹೋಗಬಹುದು. ಆದರೆ ಮಿಸ್ತ್ರಿ ಕಾಕಾನ ಕೈಯಲ್ಲಿದ್ದುದನ್ನು ಯಾರೂ ಕಲಿಯಲಿಲ್ಲ, ಅವರ ಜೊತೆಗೇ ಹೋಯಿತು. ನಾನೂ ಕಲಿಯಲಿಲ್ಲ. ಹುಡುಗನಾಗಿದ್ದಾಗ ದಿನಾ ಅದೇ ಶೆಡ್ಡಿನ ಮುಂದೆ ಬಸ್ಸಿಗೆ ಕಾಯುತ್ತಿದ್ದೆ, ಒಳಗೆ ಕಾಲಿಡಲಿಲ್ಲ. ನನ್ನ ಕಣ್ಣೆಲ್ಲ ಬಸ್ಸಿನ ಮೇಲೆ. ಅಪ್ಪನಿಗೂ ಅದೇ ಬೇಕಿತ್ತು.

ಮನೆಯ ಸಿಂಗಲ್ ಫೇಸ್ ಕರೆಂಟಿಗೆ ಒಂದು ವಿಎಫ್‌ಡಿ ಡ್ರೈವ್ ಹಾಕಿ, ತ್ರೀ ಫೇಸ್ ಮೋಟಾರು ತಿರುಗಿಸಿದೆ. ಸಂಕ್ರಾಂತಿಗೆ ಮಷಿನ್ ಚಾಲೂ ಆಯಿತು. ಉಕ್ಕಿನ ಮೊದಲ ಸುರುಳಿ ನೀಲಿ ಬಣ್ಣಕ್ಕೆ ತಿರುಗಿ ಕೆಳಗೆ ಬಿತ್ತು.

ಅಪ್ಪ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಸಂಜೆ ಹೊಲದಿಂದ ಬರುವಾಗ ಕೈಯಲ್ಲಿ ಒಂದು ಸವೆದ ಪಿನ್ನು ಇತ್ತು. ಕಣಕಿ ಕತ್ತರಿಸುವ ಮಷಿನ್ನಿನದು.

"ಇಂಥಾದ್ದು ಒಂದು ಮಾಡಾಕ ಬರತೈತೇನು?" ಅಂದರು.