ಹೊಣೆಯ ಮಿತಿ, ಪರಿಗ್ರಹದ ಮಿತಿ

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ಮುಖ್ಯವಾದ ಒಂದು ವ್ಯಾಪಾರಸ್ಥಳವೆಂದು ಗುರುತಿಸಿದ್ದಾನೆ. ತುಮಕೂರು ಸೀಮೆಯ ಅಡಿಕೆ, ಕೊಬ್ಬರಿಗಳು ಹೇರಿನ ಎತ್ತುಗಳ ಮೇಲೆ ಸಾಗುತ್ತಿದ್ದ ಕಾಲವದು. ಅಂದಿನ ವರ್ತಕನಿಗೆ ಅವಿಭಕ್ತ ಕುಟುಂಬವೇ ವ್ಯಾಪಾರಸಂಸ್ಥೆ. ಮನೆಯ ಯಜಮಾನನೇ ಅದರ ವ್ಯವಸ್ಥಾಪಕ. ಕುಟುಂಬದ ವ್ಯಾಪಾರಕ್ಕಾಗಿ ಮಾಡಿದ ಸಾಲಕ್ಕೆ ಯಜಮಾನನು ಸ್ವಂತವಾಗಿಯೂ ಹೊಣೆ, ಉಳಿದ ದಾಯಾದಿಗಳು ಮನೆತನದ ಆಸ್ತಿಯಲ್ಲಿ ತಮಗಿರುವ ಪಾಲಿನಷ್ಟಕ್ಕೆ ಮಾತ್ರ ಹೊಣೆ ಎಂಬುದು ಇದರ ನಿಯಮ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಈ ದಾಯಭಾಗಿಗಳ ಸಾಲಿಗೆ ಸೇರಿದ್ದಾರೆ.

ಮನೆತನದ ಹೊರಗಿನವರೊಡನೆ ಬಂಡವಾಳ ಕೂಡಿಸುವುದು ಪಾಲುಗಾರಿಕೆ. 1932ರ ಕಾಯಿದೆಯಂತೆ ಸಂಸ್ಥೆಯ ಋಣಕ್ಕೆ ಪಾಲುದಾರರೆಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬದ್ಧರು. ಏಕವ್ಯಕ್ತಿಯ ಒಡೆತನ ಇದಕ್ಕಿಂತ ಸರಳ. 1884ರಲ್ಲಿ ಗುಬ್ಬಿಯಲ್ಲಿ ಹಲವರ ಸಹಕಾರದಿಂದ ಹುಟ್ಟಿದ ನಾಟಕ ಕಂಪನಿಯು 1917ರಲ್ಲಿ ಗುಬ್ಬಿ ವೀರಣ್ಣನವರ ಒಡೆತನಕ್ಕೆ ಬಂದಿತು. ಇಂಥ ಒಡೆತನದಲ್ಲಿ ನಿರ್ಧಾರವೂ ಲಾಭವೂ ಒಬ್ಬರದೇ, ನಷ್ಟವೂ ಅವರ ಹೆಗಲಿನದೇ.

ಷೇರು ಬಂಡವಾಳದ ಕಂಪನಿಯ ಕ್ರಮ ಬೇರೆ. 1956ರ ಕಾಯಿದೆಯಲ್ಲಿದ್ದಂತೆ 2013ರ ಕಾಯಿದೆಯಲ್ಲಿಯೂ ಪರಿಮಿತ ಕಂಪನಿಯ ಷೇರುದಾರನ ಹೊಣೆ ಅವನ ಷೇರಿನ ಮೊತ್ತವನ್ನು ಮೀರದು. 2008ರಲ್ಲಿ ಪರಿಮಿತ ಹೊಣೆಯ ಪಾಲುಗಾರಿಕೆಗೂ ಕಾಯಿದೆ ಬಂದಿತು. ಸಾಹಸಿಗೆ ಇದು ರಕ್ಷಣೆಯೇ ಸರಿ. ಆದರೆ ಮಿತಿಯಾಚೆಯ ನಷ್ಟ ಮಾಯವಾಗುವುದಿಲ್ಲ; ಕೊಬ್ಬರಿಯನ್ನು ಉದ್ರಿ ಕೊಟ್ಟ ಬೆಳೆಗಾರನ ಮನೆಯನ್ನು ಅದು ಸೇರುತ್ತದೆ. ಕಾನೂನಿನಂತೆ ಋಣ ತೀರಿದರೂ ಧರ್ಮದ ಪ್ರಶ್ನೆ ಉಳಿಯುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳೊಡನೆ ಅತಿವಾಹನ, ಅತಿಭಾರವಹನಗಳನ್ನೂ ಎಣಿಸಿದ್ದಾರೆ. ಲಾಭದ ಆಸೆಯಿಂದ ಎತ್ತುಗಳನ್ನು ಶಕ್ತಿ ಮೀರಿ ನಡೆಸುವುದೂ ಅತಿಯಾಗಿ ಹೇರುವುದೂ ವ್ರತಭಂಗದ ದಾರಿ. ಹೇರಿನ ಎತ್ತು ಇಂದಿಲ್ಲ. ದುಡಿಮೆಯ ಮೇಲೆ ತಾಳಲಾರದ ಸಾಲವನ್ನು ಹೇರುವ ಅಭ್ಯಾಸ ಹೋಗಿಲ್ಲ.

ಇದಕ್ಕೆ ಪರಿಹಾರವೂ ಹಳೆಯದೇ. ಆದಾಯದ ಕಾಲುಭಾಗವನ್ನು ಆಪದ್ಧನವಾಗಿ ಕೂಡಿಡುವುದು, ಕಾಲುಭಾಗವನ್ನು ವ್ಯಾಪಾರದಲ್ಲಿ ತೊಡಗಿಸುವುದು, ಕಾಲುಭಾಗವನ್ನು ಧರ್ಮಕ್ಕೂ ಭೋಗಕ್ಕೂ, ಉಳಿದ ಕಾಲುಭಾಗವನ್ನು ಆಶ್ರಿತರ ಪೋಷಣೆಗೂ ಬಳಸುವುದು ಗೃಹಸ್ಥಧರ್ಮದ ಗ್ರಂಥಗಳು ಎತ್ತಿಹೇಳುವ ಆಯವ್ಯಯದ ನೀತಿ. ಕುಣಿಗಲ್ಲಿನ ದೊಡ್ಡ ಕೆರೆಯ ಕೆಳಗೆ ಬೇಸಾಯ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬಿದ ಕೆರೆಯ ನೀರನ್ನು ತೂಬಿನಿಂದ ಅಳತೆಯಲ್ಲಿ ಬಿಟ್ಟರೆ ಮಾತ್ರ ಬೇಸಗೆಗೆ ಉಳಿಯುತ್ತದೆ.

ಒಡೆತನದ ರೂಪ ಯಾವುದೇ ಇರಲಿ, ಆರಿಸುವ ಮೊದಲು ಶ್ರಾವಕನು ಕೇಳಿಕೊಳ್ಳಬೇಕಾದ ಮಾತೊಂದಿದೆ: ನಷ್ಟ ಬಂದರೆ ಅದನ್ನು ಹೊರುವವರು ಯಾರು? ಕಾನೂನು ಹೊಣೆಗೆ ಮಿತಿ ಹಾಕಿಕೊಡಬಹುದು. ಆಸೆಗೆ ಮಿತಿಯನ್ನು ಅವನೇ ಹಾಕಿಕೊಳ್ಳಬೇಕು.